ನ್ಯೂ ಲ್ಯಾನಾರ್ಕ್‌ನ ರಾಬರ್ಟ್ ಓವನ್: ಕೂಲಿಕಾರರ ಕಷ್ಟ ಅರಿತ ಮಾಲೀಕನೋ, ಜಾಣ ವ್ಯಾಪಾರಿಯೋ?

ಹಂಜಿ_ನೂಲು (ಚರ್ಚೆ ಆರಂಭಿಸಿದವರು)

ಮೊನ್ನೆ ನಮ್ಮ ಆಫೀಸಿನಲ್ಲಿ ಎಚ್‌ಆರ್‌ನವರದ್ದೊಂದು ಟ್ರೈನಿಂಗ್. ಒಂದು ಸ್ಲೈಡಿನಲ್ಲಿ ರಾಬರ್ಟ್ ಓವನ್ ಅನ್ನುವವನ ಚಿತ್ರ ಹಾಕಿ, ಕಾರ್ಮಿಕ ಕಲ್ಯಾಣದ ಪಿತಾಮಹ ಅಂತ ಹೇಳಿ, ಮುಂದಿನ ಸ್ಲೈಡಿಗೆ ಹಾರಿಬಿಟ್ಟರು. ನನಗೆ ಆ ಮನುಷ್ಯನ ವಿಷಯ ತಲೆಯಲ್ಲೇ ಕೂತಿತು. ಮನೆಗೆ ಬಂದು ಸಿಕ್ಕಿದ್ದೆಲ್ಲ ಓದಿದೆ.

ವೇಲ್ಸ್‌ನ ನ್ಯೂಟೌನ್ ಎಂಬ ಸಣ್ಣ ಊರಲ್ಲಿ 1771ರಲ್ಲಿ ಹುಟ್ಟಿದವನು. ಹತ್ತು ವರ್ಷಕ್ಕೆಲ್ಲ ಶಾಲೆ ಬಿಟ್ಟು ಬಟ್ಟೆ ಅಂಗಡಿ ಸೇರಿದ. ಇಪ್ಪತ್ತರ ಆಸುಪಾಸಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಐನೂರು ಜನ ದುಡಿಯುವ ನೂಲಿನ ಗಿರಣಿಗೆ ಮ್ಯಾನೇಜರ್. 1800ರ ಜನವರಿಯಿಂದ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯ ಆಡಳಿತ ಅವನ ಕೈಗೆ ಬಂತು. ಅಲ್ಲಿ ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ನಿಂತಿತು. ಹೊಡೆಯುವುದು ನಿಂತಿತು. ಶಾಲೆ ಬಂತು, ನ್ಯಾಯವಾದ ಬೆಲೆಯ ಅಂಗಡಿ ಬಂತು, ಕಾಯಿಲೆ ಬಿದ್ದವರಿಗೆ ನಿಧಿ ಬಂತು. ಇಷ್ಟೆಲ್ಲ ಮಾಡಿಯೂ ಗಿರಣಿ ಲಾಭದಲ್ಲೇ ನಡೆಯಿತು.

ನನ್ನ ಪ್ರಶ್ನೆ ಇಷ್ಟೇ. ಅವನು ಮಾಡಿದ್ದು ಮನಸ್ಸಿನಿಂದಲೋ, ಜನರನ್ನು ಚೆನ್ನಾಗಿ ಇಟ್ಟುಕೊಂಡರೆ ನೂಲು ಜಾಸ್ತಿ ಬರುತ್ತೆ ಅನ್ನುವ ಲೆಕ್ಕದಿಂದಲೋ? ಓದಿದವರು ಹೇಳಿ.

ಸುಮ್ನೆ_ಓದ್ತೀನಿ

ಎರಡೂ ಆಗಿರಬಾರದಾ ಗುರು? ಸಂಬಳ ಸರಿಯಾಗಿ ಬಂದ್ರೆ ನಾನಂತೂ ಕಾರಣ ಕೇಳಲ್ಲ.

ಲೆಕ್ಕದ_ಪುಸ್ತಕ

ಭಾವುಕರಾಗುವ ಮುಂಚೆ ಅಂಕಿ ನೋಡಿ. ಓವನ್ ಮತ್ತು ಪಾಲುದಾರರು ಗಿರಣಿ ಕೊಂಡಿದ್ದು 60,000 ಪೌಂಡಿಗೆ, ಅದೂ ಇಪ್ಪತ್ತು ವರ್ಷದ ಕಂತಿನಲ್ಲಿ. ಹತ್ತು ವರ್ಷ ಕಳೆದ ಮೇಲೆ ಪಾಲುದಾರಿಕೆ ಬದಲಾದಾಗ ಬೆಲೆ 84,000. 1813ರ ಕೊನೆಯಲ್ಲಿ ಗ್ಲಾಸ್ಗೋದಲ್ಲಿ ಹರಾಜಿಗೆ ಬಂದಾಗ 1,14,100. ಧರ್ಮಛತ್ರಕ್ಕೆ ಹೀಗೆ ಬೆಲೆ ಏರಲ್ಲ.

ಅವನೇ ಇತರ ಗಿರಣಿ ಮಾಲೀಕರಿಗೆ ಬರೆದ ಮಾತು ಇದೆ. ಸಾರಾಂಶ ಹೇಳ್ತೀನಿ: ಜೀವವಿಲ್ಲದ ಯಂತ್ರವನ್ನು ಒರೆಸಿ, ಎಣ್ಣೆ ಹಾಕಿ ಇಟ್ಟುಕೊಂಡರೆ ಎಷ್ಟು ಲಾಭ ಅಂತ ನಿಮಗೆ ಗೊತ್ತು, ಅಷ್ಟೇ ಗಮನವನ್ನು ಜೀವವಿರುವ ಯಂತ್ರಗಳ ಮೇಲೆ ಇಟ್ಟರೆ ಇನ್ನೆಷ್ಟು ಬರಬಹುದು ಯೋಚಿಸಿ. ಜೀವವಿರುವ ಯಂತ್ರ ಅಂದರೆ ಮನುಷ್ಯರು. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಬೇಕಿತ್ತು?

ಗಿರಣಿ_ಚಾಳ

ಅಲ್ರೀ ಲೆಕ್ಕದವರ, ಅಂವ ಯಾರ ಮುಂದ ಮಾತಾಡಾಕತ್ತಿದ್ದ ಅನ್ನೋದನ್ನೂ ನೋಡ್ರಿ. ರೊಕ್ಕದ ಭಾಷೆ ಬಿಟ್ರ ಬ್ಯಾರೆ ತಿಳಿಯದ ಮಂದಿಗೆ ರೊಕ್ಕದ ಭಾಷೆದಾಗ ಹೇಳ್ಯಾನ. ಅವರ ಮುಂದ ದಯೆ ಧರ್ಮ ಅಂದ್ರ ಯಾರ್ ಕೇಳ್ತಿದ್ರು?

ಆ ಕಾಲದ ಉಳಿದ ಗಿರಣಿ ಹ್ಯಾಂಗಿದ್ದವು ಅಂತ ಒಂದೀಟು ನೆನಪು ಮಾಡ್ಕೋರಿ. ಮ್ಯೂಲ್ ಅಂತ ನೂಲುವ ಯಂತ್ರ, ಅದರ ಗಾಡಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಾಡತೈತಿ. ಎಳಿ ಹರದ್ರ ಓಡೋ ಗಾಡಿ ಸಂಗಾಟ ಹೆಜ್ಜಿ ಹಾಕ್ಕೋತ ಬೆರಳಿಲೆ ಹೊಸದು ಕೂಡಸೂದು ಹುಡುಗರ ಕೆಲಸ. ಇನ್ನೂ ಸಣ್ಣವು ಯಂತ್ರದ ಬುಡಕ್ಕ ತೆವಳಿಕೊಂಡು ಹೋಗಿ ಬಿದ್ದ ಹತ್ತಿ ಬಳೀಬೇಕು, ಗಾಡಿ ತಿರುಗಿ ಬರೂದರೊಳಗ ಹೊರಗ ಬರಬೇಕು. ತಡಾ ಆದ್ರ ಕೈನೂ ಹೋತು, ತಲಿನೂ ಹೋತು. ತೂಕಡಿಸಿದ್ರ ಬೆಲ್ಟಿನ ಏಟು. ಹಂತಾ ಕಾಲದಾಗ ಒಬ್ಬಂವ ಹತ್ತು ವರ್ಷದ ಒಳಗಿನ ಹುಡುಗರು ಬ್ಯಾಡ ಅಂದಾನ. ಅದು ಸಣ್ಣ ಮಾತಲ್ರಿ.

ಕೆಂಪು_ಶಾಲು

ಹತ್ತು ವರ್ಷದ ಒಳಗೆ ಬೇಡ ಅಂದ. ಹತ್ತು ದಾಟಿದ ಮೇಲೆ ಹತ್ತು ಮುಕ್ಕಾಲು ಗಂಟೆ ದುಡಿಮೆ. ಅದೂ 1816ರ ಹೊತ್ತಿಗೆ, ಊಟದ ವಿರಾಮ ಕಳೆದು. ಅದಕ್ಕೂ ಮುಂಚೆ ಇನ್ನೂ ಹೆಚ್ಚು. ಮಹಾತ್ಮ ಅನ್ನುವ ಮುಂಚೆ ಇದನ್ನೂ ಬರೆದುಕೊಳ್ಳಿ.

ಗ್ಲಾಸ್ಗೋ_ಗೌಡ

ನಾನು ಗ್ಲಾಸ್ಗೋದಲ್ಲೇ ಇರೋದು. ಊರಿಂದ ಯಾರೇ ಬಂದರೂ ನ್ಯೂ ಲ್ಯಾನಾರ್ಕ್‌ಗೆ ಕರ್ಕೊಂಡು ಹೋಗೋದು ನನ್ನ ಪಾಲಿನ ಡ್ಯೂಟಿ ಆಗಿಬಿಟ್ಟಿದೆ. ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ: ಆ ಊರು ಕಟ್ಟಿದ್ದು ಓವನ್ ಅಲ್ಲ. ಡೇವಿಡ್ ಡೇಲ್ ಅನ್ನುವ ಗ್ಲಾಸ್ಗೋ ವ್ಯಾಪಾರಿ, 1785ರಲ್ಲಿ. ಶುರುವಿನಲ್ಲಿ ನೂಲುವ ಯಂತ್ರಕ್ಕೆ ಹೆಸರಾದ ರಿಚರ್ಡ್ ಆರ್ಕ್‌ರೈಟ್ ಕೂಡ ಜೊತೆಗಿದ್ದ. ಆಮೇಲೆ ಓವನ್ ಡೇಲ್‌ನ ಮಗಳು ಕ್ಯಾರೊಲೈನ್‌ಳನ್ನೇ ಮದುವೆಯಾದ. ಗಿರಣಿ ಖರೀದಿ, ಮದುವೆ ಎರಡೂ 1799ರಲ್ಲೇ.

ಜಾಗ ನೋಡಿದರೆ ಅಲ್ಲೇ ಯಾಕೆ ಕಟ್ಟಿದರು ಅಂತ ಅರ್ಥ ಆಗುತ್ತೆ. ಕ್ಲೈಡ್ ನದಿ ಅಲ್ಲಿ ಆಳವಾದ ಕಣಿವೆಯಲ್ಲಿ ಜಲಪಾತಗಳಾಗಿ ಇಳಿಯುತ್ತೆ. ಮೇಲಿನಿಂದ ಕಾಲುವೆ ತೆಗೆದು ನೀರನ್ನು ಗಿರಣಿಯ ಪಕ್ಕಕ್ಕೇ ತಂದು ಚಕ್ರ ತಿರುಗಿಸಿದ್ದಾರೆ. ಕಾಲುವೆ ಈಗಲೂ ಹರೀತಿದೆ. ನೀರು ಸಿಕ್ತು, ಜನ ಸಿಗಲಿಲ್ಲ. ಕಣಿವೆಯ ತಳಕ್ಕೆ ಬಂದು, ಗಂಟೆ ಹೊಡೆದ ಹಾಗೆ ದುಡಿಯೋಕೆ ಸ್ಕಾಟ್ಲೆಂಡಿನ ರೈತಾಪಿ ಜನಕ್ಕೆ ಇಷ್ಟವಿರಲಿಲ್ಲ. ಅದಕ್ಕೇ ಡೇಲ್ ಮನೆ ಕಟ್ಟಿಸಿಕೊಟ್ಟ. 1791ರಲ್ಲಿ ಸ್ಕೈ ದ್ವೀಪದಿಂದ ಅಮೆರಿಕಕ್ಕೆ ಹೊರಟಿದ್ದ ವಲಸಿಗರ ಹಡಗು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರಿಗೆ ಬಂದಾಗ, ಅದರಲ್ಲಿದ್ದವರಲ್ಲಿ ಸುಮಾರು ನೂರು ಜನರನ್ನು ಒಪ್ಪಿಸಿ ಕರ್ಕೊಂಡು ಬಂದ. ಅನಾಥಾಲಯಗಳಿಂದ ಐದಾರು ವರ್ಷದ ಮಕ್ಕಳನ್ನೂ ತಂದ. ಓವನ್ ಬಂದಾಗ ಅಂಥ ಮಕ್ಕಳೇ ಸುಮಾರು ಐನೂರು.

ಹಾಗಂತ ಡೇಲ್ ಕಟುಕ ಅಲ್ಲ. ಮಕ್ಕಳಿಗೆ ಹೊಟ್ಟೆ ತುಂಬ ಊಟ, ಶುಚಿಯಾದ ಹಾಸಿಗೆ, ರಾತ್ರಿ ಪಾಠ ಎಲ್ಲ ಇತ್ತು. ದಿನವಿಡೀ ದುಡಿದು ಬಂದ ಮಗುವಿಗೆ ಏಳು ಗಂಟೆ ಮೇಲೆ ಅಕ್ಷರ ತಲೆಗೆ ಹೋಗುತ್ತಾ ಅನ್ನೋದೇ ಓವನ್ ಎತ್ತಿದ ತಕರಾರು. ಅವನು ಅನಾಥಾಲಯದಿಂದ ಮಕ್ಕಳನ್ನು ತರೋದನ್ನೇ ನಿಲ್ಲಿಸಿದ.

ಹಂಜಿ_ನೂಲು

ಗೌಡ್ರೇ, ಥ್ಯಾಂಕ್ಸ್. ಜನ ಸಿಗದೆ ಇದ್ದಿದ್ದಕ್ಕೆ ಸೌಲಭ್ಯ ಕೊಟ್ಟರು ಅನ್ನೋ ಕೋನ ನನಗೆ ಹೊಳೆದಿರಲಿಲ್ಲ.

ಸುಮ್ನೆ_ಓದ್ತೀನಿ

ಮಾವನ ಗಿರಣಿನೂ ಬಂತು, ಮಾವನ ಮಗಳೂ ಬಂದ್ಲು. ಇಲ್ಲಿ ನಮಗೆ ಒಂದು ಸೈಟೂ ಇಲ್ಲ.

ಕೆಂಪು_ಶಾಲು

ಈಗ ಯಾರೂ ಸ್ಲೈಡಿಗೆ ಹಾಕದ ವಿಷಯಕ್ಕೆ ಬರೋಣ. ‘ಸೈಲೆಂಟ್ ಮಾನಿಟರ್’ ಕೇಳಿದ್ದೀರಾ? ಪ್ರತಿ ಕೆಲಸಗಾರನ ಪಕ್ಕ ಒಂದು ನಾಲ್ಕು ಮುಖದ ಮರದ ತುಂಡು ನೇತುಹಾಕಿರುತ್ತಿದ್ದರು. ಒಂದೊಂದು ಮುಖಕ್ಕೆ ಒಂದೊಂದು ಬಣ್ಣ. ಕಪ್ಪು ಅಂದರೆ ಕೆಟ್ಟದು, ನೀಲಿ ಅಂದರೆ ಅಷ್ಟಕ್ಕಷ್ಟೇ, ಹಳದಿ ಒಳ್ಳೆಯದು, ಬಿಳಿ ಅತ್ಯುತ್ತಮ. ನಿನ್ನೆಯ ನಡವಳಿಕೆ ಯಾವ ಬಣ್ಣವೋ ಆ ಮುಖ ಇವತ್ತು ಎದುರಿಗೆ, ಹಾದುಹೋಗುವ ಎಲ್ಲರಿಗೂ ಕಾಣುವ ಹಾಗೆ. ಅದನ್ನು ದಿನಾ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ವರ್ಷಗಟ್ಟಲೆ.

ಗಿರಣಿಯಲ್ಲಿ ಮುಗಿಯಲಿಲ್ಲ. ಮನೆ ಶುಚಿಯಾಗಿದೆಯಾ ಅಂತ ನೋಡೋಕೆ ವಾರಕ್ಕೊಮ್ಮೆ ಸಮಿತಿ ಬರುತ್ತಿತ್ತು. ಹೆಂಗಸರು ಆ ಸಮಿತಿಯವರಿಗೆ ತಿಗಣೆ ಹಿಡಿಯೋರು ಅಂತ ಹೆಸರಿಟ್ಟು, ಕೆಲವರು ಬಾಗಿಲನ್ನೇ ತೆಗೆಯಲಿಲ್ಲ. ಕುಡಿದು ಗಲಾಟೆ ಮಾಡಿದರೆ ದಂಡ, ಚಳಿಗಾಲದ ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಬೀದಿಯಲ್ಲಿ ಓಡಾಡಬಾರದು. ಕೂಲಿ? ಗ್ಲಾಸ್ಗೋ, ಮ್ಯಾಂಚೆಸ್ಟರ್‌ಗಿಂತ ಕಡಿಮೆ. ಕೂಲಿ ಕಡಿಮೆ ಕೊಟ್ಟು ಕಾವಲು ಜಾಸ್ತಿ ಇಟ್ಟವನನ್ನು ಯಾವ ಲೆಕ್ಕದಲ್ಲಿ ಒಳ್ಳೆಯವನು ಅಂತೀರಿ?

ಚಾಂಪಿಯನ್_ರೀಫ್

ಕಾವಲು ಅಂದಾಗ ನಮ್ಮ ಕೆಜಿಎಫ್ ನೆನಪಾಯ್ತು ಸಾರ್. ಅಲ್ಲೂ ಕಂಪನಿ ಮನೆ, ಕಂಪನಿ ಆಸ್ಪತ್ರೆ, ಕಂಪನಿ ಕ್ಲಬ್ಬು. ಬೆಂಗಳೂರಿಗಿಂತ ಮುಂಚೆ ಕರೆಂಟು, 1902ರಲ್ಲೇ ಶಿವನಸಮುದ್ರದಿಂದ ಬಂತು. ಆದ್ರೆ ಅದು ಬಂದಿದ್ದು ಗಣಿಗೆ, ಕೂಲಿಯವರ ಲೈನ್ ಮನೆಗಳಿಗಲ್ಲ. 1930ರಲ್ಲಿ ಎಲ್ಲರೂ ಹೆಬ್ಬೆಟ್ಟಿನ ಗುರುತು ಕೊಡಬೇಕು ಅಂದಾಗ ಜನ ಕೆಲಸ ನಿಲ್ಲಿಸಿ ಕೂತ್ರು. ಆಸ್ಪತ್ರೆ ಕೊಟ್ಟಿದ್ದೀವಲ್ಲ, ಬೆರಳಚ್ಚು ಕೊಡಿ ಅನ್ನೋ ಧೋರಣೆ.

ಟೈಲರ್_ಅಕ್ಕ

ನಾನು ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದವಳು. ಈ ಬಣ್ಣದ ಕಟ್ಟಿಗೆ ಕಥೆ ಓದಿ ನಗು ಬಂತು. ನಮ್ಮ ಲೈನಿನ ತುದಿಯಲ್ಲೂ ಒಂದು ಬೋರ್ಡ್ ಇತ್ತು. ಗಂಟೆಗೆ ಇಷ್ಟು ಪೀಸ್ ಟಾರ್ಗೆಟ್, ಆಗಿದ್ದು ಎಷ್ಟು, ಬಾಕಿ ಎಷ್ಟು ಅಂತ ಗಂಟೆಗಂಟೆಗೂ ಬರೀತಿದ್ರು. ಕಾಲರ್ ಹೊಲಿಯೋಳು ಹಿಂದೆ ಬಿದ್ರೆ ಅವಳ ಮುಂದೆ ಬಂಡಲ್ ರಾಶಿ ಬೀಳುತ್ತೆ, ಮುಂದಿನವಳು ಖಾಲಿ ಕೂರ್ತಾಳೆ. ಆಗ ಸೂಪರ್‌ವೈಸರ್ ಬಂದು ಅಪ್ಪ ಅಮ್ಮನ ತನಕ ಬೈಯೋನು. ಬಾತ್‌ರೂಮಿಗೆ ಹೋಗೋಕೂ ಟೋಕನ್.

ನಿಮ್ಮ ಓವನ್ ಬಣ್ಣ ತಿರುಗಿಸಿ ಸುಮ್ಮನೆ ಹೋಗ್ತಿದ್ದ ಅಂದ್ರೆ, ಬೈಗುಳಕ್ಕಿಂತ ನನಗೆ ಅದೇ ವಾಸಿ. ಆದ್ರೆ ಕೆಂಪು ಶಾಲು ಅಣ್ಣ ಹೇಳಿದ್ದೂ ಸುಳ್ಳಲ್ಲ. ದಿನಪೂರ್ತಿ ಪಕ್ಕದಲ್ಲಿ ಕಪ್ಪು ನೇತಾಡ್ತಿದ್ರೆ ಯಾವ ಹೆಂಗಸಿಗೆ ತಲೆ ಎತ್ತೋಕೆ ಮನಸ್ಸು ಬರುತ್ತೆ? ಒಂದು ಕೇಳ್ತೀನಿ: ಬಣ್ಣ ತಪ್ಪು ಹಾಕಿದ್ರೆ ಹೋಗಿ ಕೇಳಬಹುದಿತ್ತಾ?

ಲೆಕ್ಕದ_ಪುಸ್ತಕ

ಕೇಳಬಹುದಿತ್ತು ಮೇಡಂ. ಬಣ್ಣ ಹಾಕೋನು ಮೇಲ್ವಿಚಾರಕ. ಅನ್ಯಾಯ ಅನ್ನಿಸಿದರೆ ನೇರ ಓವನ್ ಹತ್ತಿರ ದೂರು ಒಯ್ಯುವ ಹಕ್ಕು ಕೆಲಸಗಾರನಿಗಿತ್ತು, ಪುಸ್ತಕದಲ್ಲಿ ಬರೆಯುವ ಮುಂಚೆಯೇ. ಮೇಲ್ವಿಚಾರಕರಿಗೂ ಅದೇ ಥರ ಬಣ್ಣ ಇತ್ತು, ಅವರದ್ದನ್ನು ಅವರ ಮೇಲಿನವರು ಹಾಕುತ್ತಿದ್ದರು. ಶುರುವಿನಲ್ಲಿ ಎಲ್ಲೆಲ್ಲೂ ಕಪ್ಪು, ಬರುಬರುತ್ತಾ ಹಳದಿ ಬಿಳಿ ಹೆಚ್ಚಾಯ್ತು ಅಂತ ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ.

ಕೆಂಪು_ಶಾಲು

ಅವನೇ ಹೇಳಿಕೊಂಡಿದ್ದು. ಕೆಲಸಗಾರರು ಏನು ಹೇಳಿದರು ಅಂತ ಯಾರು ಬರೆದಿಟ್ಟರು?

ಸುಮ್ನೆ_ಓದ್ತೀನಿ

ನಮ್ಮ ಪ್ರಾಜೆಕ್ಟಿನ ಡ್ಯಾಶ್‌ಬೋರ್ಡಲ್ಲೂ ಕೆಂಪು, ಹಳದಿ, ಹಸಿರು. ಇನ್ನೂರು ವರ್ಷದಲ್ಲಿ ಬಣ್ಣ ಮಾತ್ರ ಬದಲಾಗಿದೆ, ಮರದ ತುಂಡು ಕಂಪ್ಯೂಟರ್ ಒಳಗೆ ಹೋಗಿದೆ.

ಗಿರಣಿ_ಚಾಳ

ಕೆಲಸಗಾರರು ಏನಂದ್ರು ಅಂತ ಕೇಳತೀರಲ್ಲ, ಏನು ಮಾಡಿದ್ರು ಅನ್ನೂದು ಹೇಳ್ತೀನಿ ಕೇಳ್ರಿ. ಮೊದಲ ಐದಾರು ವರ್ಷ ಓವನ್ನನ್ನ ಯಾರೂ ನಂಬಲಿಲ್ಲ. ಪರಊರಾಂವ, ಮಾತಿನ ಧಾಟಿನೂ ಬ್ಯಾರೆ, ಇಂವ ನಮ್ಮನ್ನ ಹಿಂಡಾಕ ಬಂದಾನ ಅಂತ ಎಲ್ಲಾದಕ್ಕೂ ಅಡ್ಡಗಾಲು. ಆಮ್ಯಾಲೆ 1806ರಾಗ ಅಮೆರಿಕದಿಂದ ಹತ್ತಿ ಬರೂದು ನಿಂತು ರೇಟು ಸಿಕ್ಕಾಪಟ್ಟಿ ಏರಿತು. ಉಳಿದ ಮಾಲೀಕರು ಗಿರಣಿ ಮುಚ್ಚಿ ಮಂದೀನ ಮನಿಗೆ ಕಳಿಸಿದ್ರು. ಇಂವ ನಾಕು ತಿಂಗಳು ಯಂತ್ರ ನಿಲ್ಲಿಸಿದ, ಆದ್ರ ಒಬ್ಬರನೂ ತಗೀಲಿಲ್ಲ. ಯಂತ್ರ ಒರಸಿ ಚೊಕ್ಕ ಇಡ್ರಿ, ಪೂರಾ ಪಗಾರ ಕೊಡ್ತೀನಿ ಅಂದ. ಒಟ್ಟು ಏಳು ಸಾವಿರ ಪೌಂಡಿಗೂ ಮಿಕ್ಕಿ ಕೊಟ್ಟ. ಅಲ್ಲಿಂದ ಮಂದಿ ಅವನ ಕಡೆ ಆದ್ರು.

1813ರ ಹರಾಜಿನ್ಯಾಗ ಹಳೇ ಪಾಲುದಾರರು ಅವನ್ನ ಹೊರಗ ಹಾಕಬೇಕಂತ ಮಾಡಿದ್ರು. ಅಂವ ಹೊಸ ಪಾಲುದಾರರನ್ನ ಕಟ್ಟಿಕೊಂಡು ಗಿರಣಿ ಉಳಿಸ್ಕೊಂಡು ವಾಪಸ್ ಬಂದಾಗ, ಮಂದಿ ಎದುರು ಹೋಗಿ ಗಾಡಿ ಕುದುರಿ ಬಿಚ್ಚಿ ತಾವಾ ಎಳಕೊಂಡು ಬಂದ್ರು. ಪಗಾರಕ್ಕ ಕೂತ ಮಂದಿ ಇದನ್ನ ಮಾಡ್ತಾರೇನ್ರಿ?

ಲೆಕ್ಕದ_ಪುಸ್ತಕ

ಒಂದು ಸಣ್ಣ ತಿದ್ದುಪಡಿ. 1806 ಅನ್ನುವುದು ಓವನ್ ಆತ್ಮಕಥೆಯಲ್ಲಿರುವ ಇಸವಿ. ಹೊರದೇಶಕ್ಕೆ ಸರಕು ಸಾಗಿಸೋದನ್ನು ತಡೆದ ಅಮೆರಿಕದ ಎಂಬಾರ್ಗೊ ಕಾಯ್ದೆ ಪಾಸಾದದ್ದು 1807ರ ಡಿಸೆಂಬರಿನಲ್ಲಿ. ಮುದುಕನಾದ ಮೇಲೆ ನೆನಪಿನಿಂದ ಬರೆದದ್ದು, ಇಸವಿ ಜಾರಿದೆ.

ಮತ್ತೆ, ಏಳು ಸಾವಿರ ಕೊಟ್ಟಿದ್ದನ್ನೂ ಹೀಗೆ ನೋಡಿ. ಆ ಕಣಿವೆಯಿಂದ ಎರಡು ಸಾವಿರ ಜನ ಒಮ್ಮೆ ಚದುರಿಹೋದರೆ ಮತ್ತೆ ಎಲ್ಲಿಂದ ತರೋದು? ಗೌಡರೇ ಹೇಳಿದರಲ್ಲ, ಬಿರುಗಾಳಿಗೆ ಸಿಕ್ಕ ಹಡಗಿನಿಂದ ಜನ ಹಿಡಿದು ತಂದ ಜಾಗ ಅದು. ಕೈಪಳಗಿದ ಜನರನ್ನು ನಾಲ್ಕು ತಿಂಗಳು ಸಾಕೋದು ಅಗ್ಗ.

ಗಿರಣಿ_ಚಾಳ

ಇಸವಿ ಒಂದು ವರ್ಷ ಹಿಂದ ಮುಂದ ಆದ್ರ ಪಗಾರ ಕೊಟ್ಟಿದ್ದು ಸುಳ್ಳಾಗೂದಿಲ್ರೀ. ಅಗ್ಗ ಅಂತ ನಿಮಗ ಈಗ ಕಾಣತೈತಿ. ಆವತ್ತು ಹತ್ತಿ ಯಾವಾಗ ಬರತೈತಿ ಅಂತ ಯಾರಿಗೂ ಗೊತ್ತಿರಲಿಲ್ಲ. ಕೊರೋನಾದಾಗ ನಮ್ಮ ಮಾಲೀಕರಿಗೂ ಈ ಲೆಕ್ಕ ಬರತಿತ್ತಲ್ಲ, ಯಾಕ ಮಾಡಲಿಲ್ಲ? ನಮ್ಮ ಓಣ್ಯಾಗ ಎಷ್ಟು ಮಂದಿ ನಡಕೋತ ಬಂದ್ರು ನಾ ನೋಡೇನಿ.

ಟೈಲರ್_ಅಕ್ಕ

ಹೂಂ ಅಣ್ಣ. ನಮಗೆ ಆ ಏಪ್ರಿಲ್ ತಿಂಗಳ ಸಂಬಳ ಅರ್ಧ ಬಂತು, ಮೇ ತಿಂಗಳದ್ದು ಇಲ್ಲವೇ ಇಲ್ಲ. ಫೋನ್ ಮಾಡಿದ್ರೆ ಎಚ್‌ಆರ್ ಎತ್ತುತ್ತಿರಲಿಲ್ಲ.

ಮೇಷ್ಟ್ರು_ತಿಪಟೂರು

ಎಲ್ಲರೂ ಕೂಲಿ, ಲಾಭ ಅಂತ ಜಗಳವಾಡುತ್ತಿದ್ದೀರಿ. ನನಗೆ ನ್ಯೂ ಲ್ಯಾನಾರ್ಕ್‌ನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಶಾಲೆ. 1816ರ ಜನವರಿ 1ರಂದು ಅದರ ಬಾಗಿಲು ತೆಗೆಯಿತು. ಆಗತಾನೇ ನಡೆಯಲು ಕಲಿತ ಮಕ್ಕಳಿಂದ ಹಿಡಿದು ಹತ್ತು ವರ್ಷದವರ ತನಕ ಹಗಲಿನ ತರಗತಿ, ಗಿರಣಿಗೆ ಹೋಗುವವರಿಗೆ ಸಂಜೆಯದ್ದು. ಫೀಸು ತಿಂಗಳಿಗೆ ಮೂರು ಪೆನ್ನಿ, ಹೆಸರಿಗಷ್ಟೇ. ಬ್ರಿಟನ್ನಿನಲ್ಲಿ ಎಳೆಯ ಮಕ್ಕಳಿಗೆಂದೇ ನಡೆದ ಮೊದಲ ಶಾಲೆ ಅದು ಎಂದು ಹೇಳುತ್ತಾರೆ.

ಶಿಶುಗಳ ತರಗತಿಗೆ ಅವನು ಆರಿಸಿಕೊಂಡದ್ದು ಯಾರನ್ನು ನೋಡಿ. ಜೇಮ್ಸ್ ಬುಕಾನನ್ ಎಂಬ ನೇಕಾರ, ಮಾಲಿ ಯಂಗ್ ಎಂಬ ಹದಿನೇಳರ ಗಿರಣಿ ಹುಡುಗಿ. ಬುಕಾನನ್‌ಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಮಕ್ಕಳೆಂದರೆ ಪ್ರಾಣ. ಅವರಿಗೆ ಕೊಟ್ಟ ಮೊದಲ ಆಜ್ಞೆ, ಯಾವ ಮಗುವನ್ನೂ ಹೊಡೆಯಬಾರದು, ಗದರಬಾರದು, ಮುಖ ಸಿಂಡರಿಸಬಾರದು. ಎಳೆಯರಿಗೆ ಪುಸ್ತಕದ ಕಾಟವಿಲ್ಲ. ಗೋಡೆಯಲ್ಲಿ ಪ್ರಾಣಿಗಳ ಚಿತ್ರ, ದೊಡ್ಡ ದೊಡ್ಡ ಭೂಪಟ, ಹಾಡು, ಕುಣಿತ, ಕಾಡಿನಲ್ಲಿ ಓಡಾಟ. ಮಗು ತಾನಾಗಿ ಪ್ರಶ್ನೆ ಕೇಳುವ ತನಕ ಕಾಯುವುದು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವನು. ನಾವು ಟ್ರೈನಿಂಗಿನಲ್ಲಿ ನಲಿ ಕಲಿ ಎಂದು ಕಲಿತದ್ದರಲ್ಲಿ ಬಹುಪಾಲು ಅಲ್ಲಿ ನಡೆದಿತ್ತು.

ಪಾಲುದಾರರಲ್ಲಿ ವಿಲಿಯಂ ಅಲನ್ ಎಂಬ ಕ್ವೇಕರ್ (ಒಂದು ಕ್ರೈಸ್ತ ಪಂಥದವನು) ಇದ್ದ. ಸಜ್ಜನ, ಆದರೆ ಬಿಗಿ. ಮಕ್ಕಳಿಗೆ ಕುಣಿತ ಯಾಕೆ, ಬೈಬಲ್ ಪಾಠ ಯಾಕೆ ಕಡಿಮೆ ಎಂದು ಅವನಿಗೆ ಸಂಕಟ. ಹುಡುಗರು ಕಿಲ್ಟ್ (ಸ್ಕಾಟ್ಲೆಂಡಿನ ಲಂಗದಂಥ ಉಡುಪು) ಹಾಕಿಕೊಂಡು ಕುಣಿಯುತ್ತಾರೆ, ಆರು ವರ್ಷ ದಾಟಿದವರು ಚಡ್ಡಿಯೋ ಪ್ಯಾಂಟೋ ಹಾಕಲೇಬೇಕು ಎಂದು 1824ರಲ್ಲಿ ಲಿಖಿತ ಒಪ್ಪಂದವನ್ನೇ ಮಾಡಿಸಿದ. ಶಾಲೆಯ ಹಿಡಿತ ಕೈತಪ್ಪಿದ ಮೇಲೆ ಓವನ್ ಅಲ್ಲಿಂದ ಕಾಲು ಕಿತ್ತ.

ಸುಮ್ನೆ_ಓದ್ತೀನಿ

ಚಡ್ಡಿಗೋಸ್ಕರ ಅಗ್ರಿಮೆಂಟ್!! ಮೇಷ್ಟ್ರೇ ನೀವು ದಿನಾ ಬರೀಬೇಕು.

ಟೈಲರ್_ಅಕ್ಕ

ಮೇಷ್ಟ್ರೇ, ಎಳೆ ಮಕ್ಕಳ ಶಾಲೆ ಅಂದ್ರೆ ತಾಯಂದಿರು ನಿಶ್ಚಿಂತೆಯಾಗಿ ಗಿರಣಿಗೆ ಬರ್ತಿದ್ರು ಅಂತಲೂ ಆಯ್ತಲ್ವಾ? ನಮ್ಮ ಫ್ಯಾಕ್ಟರಿ ಕಾಯ್ದೆಯಲ್ಲೂ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಇದ್ದರೆ ಶಿಶುವಿಹಾರ ಇರಲೇಬೇಕು ಅಂತ ಇತ್ತು. ನಾನಿದ್ದ ಕಡೆ ಒಂದು ಕೋಣೆ, ಎರಡು ತೊಟ್ಟಿಲು, ಬೀಗ. ಇನ್‌ಸ್ಪೆಕ್ಷನ್ ದಿನ ಮಾತ್ರ ಬೀಗ ತೆಗೆದು, ಆಫೀಸಿನವರ ಮಗು ತಂದು ಮಲಗಿಸ್ತಿದ್ರು.

ಚಾಂಪಿಯನ್_ರೀಫ್

ಈಗ ಹಳ್ಳಿ ಕಡೆ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಅಂತ ಮಾಡಿದ್ದಾರಲ್ಲ, ನರೇಗಾ ಕೆಲಸಕ್ಕೆ ಹೋಗೋ ಹೆಂಗಸರಿಗೆ. ನಮ್ಮ ಕಡೆ ಪರವಾಗಿಲ್ಲ, ನಡೀತಿದೆ.

ದಾವಣಗೆರೆ_ಬೆಣ್ಣೆ

ನಮ್ಮೂರಿನ ಪಂಚಾಯಿತಿ ಕೂಸಿನ ಮನೆಯಲ್ಲಿ ಕೂಸು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಸಿಮೆಂಟ್ ಮೂಟೆ ಇಟ್ಟಿದ್ದಾರೆ. ಆ ಪಂಚಾಯಿತಿ ಯಾರ ಪಾರ್ಟಿದು ಅಂದ್ರೆ…

ನಿರ್ವಾಹಕ

ಪಾರ್ಟಿ ವಿಷಯ ಬೇಡ, ಅದಕ್ಕೆ ಬೇರೆ ವಿಭಾಗ ಇದೆ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಗಿರಣಿಗೆ ಹಿಂದಿರುಗಿ.

ಕೆಂಪು_ಶಾಲು

ಗಿರಣಿಗೇ ಬರುತ್ತೇನೆ. ಆ ಗಿರಣಿಯ ಹತ್ತಿ ಎಲ್ಲಿಂದ ಬರುತ್ತಿತ್ತು? ಕೆರಿಬಿಯನ್ ದ್ವೀಪಗಳಿಂದ, ಅಮೆರಿಕದ ದಕ್ಷಿಣ ರಾಜ್ಯಗಳಿಂದ. ಅಲ್ಲಿ ಅದನ್ನು ಬಿಡಿಸುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಡೇಲ್ ಅಂತೂ 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕು ಅನ್ನುವ ಗ್ಲಾಸ್ಗೋ ಸಂಘದ ಅಧ್ಯಕ್ಷ. ಸಂಜೆ ಸಭೆಯಲ್ಲಿ ಗುಲಾಮಗಿರಿ ಪಾಪ ಅಂತ ಭಾಷಣ, ಬೆಳಿಗ್ಗೆ ಗುಲಾಮರು ಬಿಡಿಸಿದ ಹತ್ತಿಯ ಮೂಟೆ ಬಿಚ್ಚೋದು.

ಓವನ್ ಇನ್ನೂ ಒಂದು ಹೆಜ್ಜೆ ಹಿಂದೆ. 1820ರ ದಶಕದ ಕೊನೆಯಲ್ಲಿ ಮೆಕ್ಸಿಕೋಗೆ ಹೋಗುವಾಗ ದಾರಿಯಲ್ಲಿ ಜಮೈಕಾ ನೋಡಿ, ಇಲ್ಲಿನ ಗುಲಾಮರ ಸ್ಥಿತಿ ಬ್ರಿಟನ್ನಿನ ಕೂಲಿಕಾರರಿಗಿಂತ ವಾಸಿ ಅಂತ ಬರೆದ. ತನ್ನ ಕಣಿವೆಯ ಎರಡು ಸಾವಿರ ಜನರ ಮೇಲೆ ಕರುಣೆ, ಆ ಎರಡು ಸಾವಿರ ಜನರ ಕೈಗೆ ಹತ್ತಿ ಕೊಟ್ಟವರ ಮೇಲೆ ಇಲ್ಲ.

ಗ್ಲಾಸ್ಗೋ_ಗೌಡ

ಇದು ನಿಜ, ಇಲ್ಲಿ ಈಗ ಇದರ ಬಗ್ಗೆ ತುಂಬಾ ಮಾತಾಡ್ತಾರೆ. ಗ್ಲಾಸ್ಗೋದ ಅರ್ಧ ಬೀದಿಗಳ ಹೆಸರೇ ತಂಬಾಕು, ಸಕ್ಕರೆ ವ್ಯಾಪಾರಿಗಳದ್ದು. ಆದರೆ ಆ ಕಾಲದಲ್ಲಿ ಇಡೀ ಬ್ರಿಟನ್ನಿನ ಒಂದೊಂದು ಅಂಗಿಯಲ್ಲೂ ಅದೇ ಹತ್ತಿ ಇತ್ತು, ಓವನ್‌ನನ್ನ ಒಬ್ಬನನ್ನೇ ಕಟಕಟೆಗೆ ನಿಲ್ಲಿಸೋದು ಹೇಗೆ?

ಕೆಂಪು_ಶಾಲು

ಒಬ್ಬನನ್ನೇ ನಿಲ್ಲಿಸುತ್ತಿಲ್ಲ. ಪಿತಾಮಹ ಅಂತ ಒಬ್ಬನನ್ನೇ ಕರೆದಿದ್ದು ಸ್ಲೈಡು ಮಾಡಿದವರು.

ದಾವಣಗೆರೆ_ಬೆಣ್ಣೆ

ಅಂಗಡಿ ವಿಷಯ ಯಾರೂ ಬಿಡಿಸಿ ಹೇಳ್ತಿಲ್ಲ. ನಮ್ಮೂರೂ ಗಿರಣಿ ಊರೇ, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿದ್ದು. ಗಿರಣಿ ಊರಲ್ಲಿ ಬದುಕಿದವರಿಗೆ ಗೊತ್ತು, ಸಂಬಳ ಎಷ್ಟು ಅನ್ನೋದಕ್ಕಿಂತ ಕಿರಾಣಿ ಅಂಗಡಿ ಸಾಲ ಎಷ್ಟು ಅನ್ನೋದು ಮುಖ್ಯ. ಆ ಕಾಲದ ಬ್ರಿಟಿಷ್ ಮಾಲೀಕರು ಎಷ್ಟೋ ಕಡೆ ಸಂಬಳದ ಬದಲು ಚೀಟಿ ಕೊಡೋರು. ಚೀಟಿ ನಡೆಯೋದು ಮಾಲೀಕನ ಅಂಗಡಿಯಲ್ಲಿ ಮಾತ್ರ, ಅಲ್ಲಿ ಹಿಟ್ಟಿನಲ್ಲಿ ಕಲಬೆರಕೆ, ರೇಟು ಒಂದಕ್ಕೆ ಒಂದೂವರೆ. 1831ರಲ್ಲಿ ಕಾಯ್ದೆ ಮಾಡಿ ಇದನ್ನ ನಿಲ್ಲಿಸಬೇಕಾಯ್ತು. ಓವನ್ ಅದಕ್ಕೆ ಎಷ್ಟೋ ಮುಂಚೆ ಸಗಟಿನಲ್ಲಿ ಒಳ್ಳೆ ಮಾಲು ತಂದು, ಅಸಲಿಗೆ ಸ್ವಲ್ಪ ಮೇಲೆ ಮಾರಿದ. ಬಂದ ಲಾಭ ಶಾಲೆಗೆ. ಕೂಲಿ ಕಡಿಮೆ ಅಂತ ಕೆಂಪು ಶಾಲು ಹೇಳ್ತಾರೆ, ಅದೇ ಕೂಲಿಗೆ ಅಲ್ಲಿ ಎಷ್ಟು ಹಿಟ್ಟು ಬರ್ತಿತ್ತು ಅನ್ನೋದನ್ನೂ ಸೇರಿಸಿ ನೋಡಬೇಕು.

ಈ ಅಂಗಡಿಯಿಂದಲೇ ಸಹಕಾರ ಚಳವಳಿ ಹುಟ್ಟಿದ್ದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಸೇರಿ ಅಂಗಡಿ ತೆಗೆದರು, ಅವರಲ್ಲಿ ಓವನ್ ಅನುಯಾಯಿಗಳಿದ್ದರು. ಅಲ್ಲಿಂದ ನಮ್ಮ ಗದಗ ಜಿಲ್ಲೆಯ ಕಣಗಿನಹಾಳಕ್ಕೆ ಬಂತು, 1905ರಲ್ಲಿ ಸಿದ್ಧನಗೌಡ ಪಾಟೀಲರ ಸಹಕಾರ ಸಂಘ. ನೇರ ಸಂಬಂಧ!

ಲೆಕ್ಕದ_ಪುಸ್ತಕ

ನೇರ ಸಂಬಂಧ ಇಲ್ಲ ಸ್ವಾಮಿ. ಕಣಗಿನಹಾಳದ್ದು ರೈತರ ಪತ್ತಿನ ಸಂಘ. 1904ರ ಸಹಕಾರ ಕಾಯ್ದೆಯ ಹಿಂದಿನ ಮಾದರಿ ಜರ್ಮನಿಯ ರೈಫೈಸನ್‌ನದ್ದು, ಹಳ್ಳಿಯ ಸಾಲದ ಸಂಘ. ರಾಚ್‌ಡೇಲ್‌ನದ್ದು ಬಳಕೆದಾರರ ಅಂಗಡಿ. ನಮ್ಮ ಜನತಾ ಬಜಾರಿಗೆ ಬೇಕಾದರೆ ರಾಚ್‌ಡೇಲ್ ಅಜ್ಜ ಅನ್ನಿ.

ದಾವಣಗೆರೆ_ಬೆಣ್ಣೆ

ಅಜ್ಜನೋ ಚಿಕ್ಕಜ್ಜನೋ, ಒಂದೇ ವಂಶ ಬಿಡಿ.

ಟೈಲರ್_ಅಕ್ಕ

ಕಾಯಿಲೆ ನಿಧಿಗೆ ಎಷ್ಟು ಹಿಡೀತಿದ್ರು?

ಲೆಕ್ಕದ_ಪುಸ್ತಕ

ಕೂಲಿಯ ಅರವತ್ತರಲ್ಲಿ ಒಂದು ಪಾಲು. ನೂರಕ್ಕೆ ಸುಮಾರು 1.67. ಈಗ ಇಎಸ್‌ಐಗೆ ನಿಮ್ಮ ಸಂಬಳದಿಂದ ಹಿಡಿಯೋದು ನೂರಕ್ಕೆ 0.75, ಮಾಲೀಕ ಹಾಕೋದು 3.25. ಈ ಒಂದು ವಿಷಯದಲ್ಲಿ ನೀವು ನ್ಯೂ ಲ್ಯಾನಾರ್ಕ್‌ಗಿಂತ ಮೇಲಿದ್ದೀರಿ ಮೇಡಂ.

ಟೈಲರ್_ಅಕ್ಕ

ಡಿಸ್ಪೆನ್ಸರಿಯಲ್ಲಿ ಮಾತ್ರೆ ಸಿಕ್ಕ ದಿನ ಒಪ್ಕೋತೀನಿ.

ಹಂಜಿ_ನೂಲು

ಕಾಯ್ದೆ ವಿಷಯಕ್ಕೆ ಒಂದು ಸೇರಿಸ್ತೀನಿ. ನಾನು ಓದಿದ್ದರಲ್ಲಿ ಓವನ್ ಕೇವಲ ತನ್ನ ಗಿರಣಿಗೆ ನಿಲ್ಲಲಿಲ್ಲ ಅನ್ನೋದು ನನಗೆ ಮುಖ್ಯ ಅನ್ನಿಸ್ತು. 1815ರಿಂದಲೇ ದೇಶಕ್ಕೆಲ್ಲ ಕಾನೂನು ಬೇಕು ಅಂತ ಓಡಾಡಿದ. ಹತ್ತು ವರ್ಷದೊಳಗೆ ಕೆಲಸ ಬೇಡ, ದಿನಕ್ಕೆ ಹತ್ತೂವರೆ ಗಂಟೆ ಮಾತ್ರ, ನೋಡಿಕೊಳ್ಳೋಕೆ ಇನ್‌ಸ್ಪೆಕ್ಟರುಗಳು ಬೇಕು ಅಂತ ಅವನ ಕರಡು. ಅದನ್ನು ಸಂಸತ್ತಿಗೆ ಒಯ್ದವನು ರಾಬರ್ಟ್ ಪೀಲ್, ಮುಂದೆ ಪ್ರಧಾನಿಯಾದವನ ಅಪ್ಪ, ಅವನೂ ಗಿರಣಿ ಮಾಲೀಕನೇ. 1819ರಲ್ಲಿ ಪಾಸಾಗುವಷ್ಟರಲ್ಲಿ ಅದು ಹತ್ತಿ ಗಿರಣಿಗೆ ಮಾತ್ರ, ವಯಸ್ಸು ಒಂಬತ್ತು, ಹನ್ನೆರಡು ಗಂಟೆ, ಇನ್‌ಸ್ಪೆಕ್ಟರ್ ಇಲ್ಲ ಅಂತಾಯ್ತು. ಓವನ್ ಇದು ನನ್ನ ಮಸೂದೆಯೇ ಅಲ್ಲ ಅಂದುಬಿಟ್ಟ. ಇನ್‌ಸ್ಪೆಕ್ಟರುಗಳು ಬಂದಿದ್ದು 1833ರ ಕಾಯ್ದೆಯಲ್ಲಿ, ಅದೂ ಇಡೀ ದೇಶಕ್ಕೆ ನಾಲ್ಕೇ ಜನ.

ಬರೀ ಲಾಭದ ಲೆಕ್ಕದವನಾಗಿದ್ದರೆ ಈ ಉಸಾಬರಿ ಯಾಕೆ ಬೇಕಿತ್ತು?

ಲೆಕ್ಕದ_ಪುಸ್ತಕ

ಯಾಕೆ ಬೇಕಿತ್ತು ಅಂದರೆ, ತನಗಿರುವ ಖರ್ಚು ಪೈಪೋಟಿಯವರಿಗೂ ಬೀಳಲಿ ಅಂತ. ನಮ್ಮ ದೇಶದಲ್ಲಿ 1881ರ ಮೊದಲ ಫ್ಯಾಕ್ಟರಿ ಕಾಯ್ದೆಗೆ ಒತ್ತಾಯ ಮಾಡಿದವರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಯವರೂ ಇದ್ದರು. ಬಾಂಬೆ ಮಕ್ಕಳ ಮೇಲಿನ ಪ್ರೀತಿಯಿಂದ ಅಲ್ಲ, ಬಾಂಬೆ ನೂಲು ಅಗ್ಗವಾಗಿತ್ತು ಅಂತ. ಆ ಕಾಯ್ದೆಯಲ್ಲಿ ಇದ್ದಿದ್ದೂ ಅಷ್ಟೇ: ಏಳು ವರ್ಷದೊಳಗಿನವರು ಬೇಡ, ಏಳರಿಂದ ಹನ್ನೆರಡರವರು ಒಂಬತ್ತು ಗಂಟೆ.

ಗಿರಣಿ_ಚಾಳ

ನಿಮಗ ಎಲ್ಲಾದ್ರಾಗೂ ರೊಕ್ಕ ಕಾಣತೈತಿ ಮಾರಾಯ್ರ. ಮಂದಿಗೆ ಸಿಕ್ಕಿದ್ದು ಮಂದಿ ಕೇಳಿದ್ದಕ್ಕ. ಮುಂಬೈದಾಗ ನಾರಾಯಣ ಮೇಘಾಜಿ ಲೋಖಂಡೆ 1884ರಾಗ ಗಿರಣಿ ಕೆಲಸಗಾರರ ಸಂಘ ಕಟ್ಟಿ ಬಡಿದಾಡಿದ್ದಕ್ಕ 1890ರಾಗ ವಾರಕ್ಕೊಂದು ರಜಾ ಬಂತು. ಈಗ ಐತವಾರ ಕಾಲು ಚಾಚಿ ಮಲಗತೀರಲ್ಲ, ಆ ಮನಷ್ಯಾನ್ನ ಒಮ್ಮೆ ನೆನಸ್ರಿ.

ಕೆಂಪು_ಶಾಲು

ಈ ಚರ್ಚೆಯಲ್ಲಿ ಮೊದಲ ಸಲ ಗಿರಣಿ ಚಾಳದವರ ಮಾತಿಗೆ ನನ್ನ ಪೂರ್ತಿ ಸಹಮತ.

ಚಾಂಪಿಯನ್_ರೀಫ್

ಒಳ್ಳೆ ಮಾಲೀಕರು ಅಂದ್ರೆ ಟಾಟಾ ಹೆಸರೂ ಹೇಳಬೇಕು. ಜಮ್‌ಶೆಟ್‌ಜಿ 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ಸ್ ಶುರು ಮಾಡಿದ್ದು. ಗಿರಣಿ ಒಳಗೆ ಗಾಳಿಗೆ ತೇವ ಕೊಡೋ ವ್ಯವಸ್ಥೆ, ಬೆಂಕಿ ಆರಿಸೋ ನೀರಿನ ಸ್ಪ್ರಿಂಕ್ಲರ್ ಎಲ್ಲ ಹಾಕಿಸಿದ್ರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ. ಕಾನೂನು ಯಾವುದೂ ಇನ್ನೂ ಕೇಳಿರಲಿಲ್ಲ.

ಸುಮ್ನೆ_ಓದ್ತೀನಿ

ಕಾನೂನು ಅಂದ್ರಲ್ಲ, 2023ರಲ್ಲಿ ನಮ್ಮ ರಾಜ್ಯದಲ್ಲೇ ತಿದ್ದುಪಡಿ ಮಾಡಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಬಹುದು ಅಂತ ಮಾಡಿದ್ರು. ಓವನ್ ಕಾಲದ ಹತ್ತು ಮುಕ್ಕಾಲೇ ಮೇಲು 😂

ಲೆಕ್ಕದ_ಪುಸ್ತಕ

ವಾರಕ್ಕೆ 48 ಗಂಟೆ ದಾಟುವಂತಿಲ್ಲ ಅನ್ನೋದನ್ನೂ ಬರೀರಿ. ಹನ್ನೆರಡು ಗಂಟೆ ಮಾಡಿದರೆ ನಾಲ್ಕೇ ದಿನ.

ಟೈಲರ್_ಅಕ್ಕ

ಕಾಗದದ ಮೇಲೆ ನಾಲ್ಕು ದಿನ. ಐದನೇ ದಿನ ಓಟಿ ಅಂತ ಫೋನ್ ಬರುತ್ತೆ, ನಿಮಗೇನು ಗೊತ್ತು ಸಾರ್.

ಮೇಷ್ಟ್ರು_ತಿಪಟೂರು

ಓವನ್ ಮುಂದೇನಾದ ಎಂಬುದನ್ನೂ ಹೇಳಬೇಕು. ಒಂದು ಗಿರಣಿಯಲ್ಲಿ ಸಾಧ್ಯವಾದದ್ದು ಇಡೀ ಸಮಾಜದಲ್ಲಿ ಯಾಕಾಗಬಾರದು ಎಂದು 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನ್ಯೂ ಹಾರ್ಮನಿ ಎಂಬ ಊರನ್ನೇ ಕೊಂಡ. ಎಲ್ಲರೂ ಸಮ, ಆಸ್ತಿ ಎಲ್ಲರದ್ದು. ಭಾಷಣ ಮಾಡುವವರು ಸಾಕಷ್ಟು ಬಂದರು, ಉಳುವವರು, ಬಡಗಿಗಳು ಕಡಿಮೆ. ಅವನೋ ಊರಿನಲ್ಲಿ ನಿಲ್ಲದೆ ಭಾಷಣಕ್ಕೆಂದು ತಿರುಗುತ್ತಿದ್ದ. ಎರಡೇ ವರ್ಷದಲ್ಲಿ ಮುರಿದುಬಿತ್ತು, ಅವನ ಸಂಪತ್ತಿನ ದೊಡ್ಡ ಪಾಲು ಅಲ್ಲೇ ಕರಗಿತು. ವ್ಯಾಪಾರಿಯೇ ಆಗಿದ್ದರೆ ನ್ಯೂ ಲ್ಯಾನಾರ್ಕ್‌ನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದಿತ್ತು. ಲೆಕ್ಕದ ಪುಸ್ತಕದವರು ಇದನ್ನು ಯಾವ ಕಲಮಿಗೆ ಬರೆಯುತ್ತೀರಿ?

ಲೆಕ್ಕದ_ಪುಸ್ತಕ

ನಷ್ಟದ ಕಲಮಿಗೆ ಮೇಷ್ಟ್ರೇ. ಆದರೆ ನಿಮ್ಮ ಮಾತಿಗೆ ತೂಕ ಇದೆ. ನ್ಯೂ ಲ್ಯಾನಾರ್ಕ್‌ನಲ್ಲಿ ಮಾಡಿದ್ದು ಲೆಕ್ಕ ಅನ್ನುತ್ತೇನೆ, ಇಂಡಿಯಾನಾದಲ್ಲಿ ಮಾಡಿದ್ದು ಹುಚ್ಚು.

ಕೆಂಪು_ಶಾಲು

ಎರಡೂ ಕಡೆ ಒಂದೇ ದೋಷ. ಯಾರನ್ನೂ ಕೇಳಲಿಲ್ಲ. ಜನ ಪರಿಸ್ಥಿತಿಯ ಕೈಗೂಸು, ಅವರನ್ನು ನಾನು ತಿದ್ದುತ್ತೇನೆ ಅನ್ನೋದು ಅವನ ಸಿದ್ಧಾಂತ. ಅಷ್ಟೆಲ್ಲ ಮಾಡಿದ ಮೇಲೂ ಅಲ್ಲಿನ ಜನ ತನ್ನ ದಯೆಯಲ್ಲಿ ಬದುಕುವ ಗುಲಾಮರೇ ಅಂತ ಸ್ವತಃ ಓವನ್ ಒಪ್ಪಿಕೊಂಡಿದ್ದಾನೆ, ಮಾರ್ಕ್ಸ್ ಜೊತೆಗಾರ ಎಂಗೆಲ್ಸ್ ಅದನ್ನೇ ಎತ್ತಿ ತೋರಿಸಿದ್ದು. ಮನೆ ಅವನದು, ಅಂಗಡಿ ಅವನದು, ಶಾಲೆ ಅವನದು. ಆ ಊರಲ್ಲಿ ಒಂದು ಕಾರ್ಮಿಕ ಸಂಘ ಇತ್ತಾ? ಕೂಲಿ ಎಷ್ಟು ಅಂತ ಒಂದು ದಿನ ಎದುರು ಕೂತು ಮಾತಾಡಿದ್ದರಾ?

ಗಿರಣಿ_ಚಾಳ

1834ರಾಗ ದೇಶದ ತುಂಬ ಕಾರ್ಮಿಕರ ದೊಡ್ಡ ಒಕ್ಕೂಟ ಕಟ್ಟೂದ್ರಾಗ ಅಂವನೂ ಮುಂದಿದ್ದ, ಅದನ್ನ ಯಾಕ ಬಿಟ್ರಿ? ಡಾರ್ಸೆಟ್‌ನ ಟಾಲ್‌ಪಡಲ್ ಊರಿನ ಆರು ಮಂದಿ ಹೊಲದ ಕೂಲಿಯವರನ್ನ ಸಂಘ ಕಟ್ಟಿದ್ದಕ್ಕ ಆಸ್ಟ್ರೇಲಿಯಾಕ್ಕ ಗಡೀಪಾರು ಮಾಡಿದಾಗ ಲಂಡನ್ನಿನ ಮೆರವಣಿಗ್ಯಾಗ ನಿಂತಾಂವ ಅಂವ.

ಕೆಂಪು_ಶಾಲು

ಗಿರಣಿ ಪಾಲು ಮಾರಿದ ಮೇಲೆ. ಮಾಲೀಕನಾಗಿದ್ದಾಗ ಅಲ್ಲ.

ಟೈಲರ್_ಅಕ್ಕ

ನಿಮ್ಮ ಜಗಳ ಮುಗಿಯಲ್ಲ. ನನಗೆ ಕೇಳಿದ್ರೆ, ಬೈಯದೆ ಇರೋನು ಬೇಕು, ಮಗು ಬಿಡೋಕೆ ಜಾಗ ಬೇಕು, ಯೂನಿಯನ್ನೂ ಬೇಕು. ಮೂರರಲ್ಲಿ ಎರಡು ಅಲ್ಲಿ ಸಿಕ್ಕಿತ್ತು. ನಮ್ಮ ಫ್ಯಾಕ್ಟರಿಯಲ್ಲಿ ಒಂದೂ ಇರಲಿಲ್ಲ. ಮನೆಗೆ ಬಂದು ತಿಗಣೆ ಹುಡುಕೋನಿಗೆ ಮಾತ್ರ ನಾನೂ ಬಾಗಿಲು ತೆಗೀತಿರಲಿಲ್ಲ.

ಹಂಜಿ_ನೂಲು

ಅಕ್ಕಾ, ಮುಂದಿನ ಟ್ರೈನಿಂಗಿಗೆ ನಿಮ್ಮನ್ನೇ ಕರೆಸಬೇಕು. ಗೌಡ್ರೇ, ಸೆಪ್ಟೆಂಬರಿನಲ್ಲಿ ಆಫೀಸ್ ಕೆಲಸದ ಮೇಲೆ ಆ ಕಡೆ ಬರೋದಿದೆ. ಗ್ಲಾಸ್ಗೋದಿಂದ ಹೋಗಿ ಬರೋಕೆ ಒಂದು ದಿನ ಸಾಕಾ?

ಗ್ಲಾಸ್ಗೋ_ಗೌಡ

ಧಾರಾಳ ಸಾಕು. ಗ್ಲಾಸ್ಗೋ ಸೆಂಟ್ರಲ್‌ನಿಂದ ಲ್ಯಾನಾರ್ಕ್‌ಗೆ ಟ್ರೈನ್, ಅಲ್ಲಿಂದ ಬಸ್ಸು, ಇಲ್ಲಾಂದ್ರೆ ನಡೆದೇ ಕಣಿವೆಗೆ ಇಳಿಯಬಹುದು. ವಾಪಸ್ ಏರುವಾಗ ಬಸ್ ಹಿಡೀರಿ. ಗಿರಣಿ 1968ರಲ್ಲಿ ಮುಚ್ಚಿತ್ತು, 2001ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಂದು ಗಿರಣಿ ಕಟ್ಟಡ ಈಗ ಹೋಟೆಲು, ಇನ್ನೊಂದರಲ್ಲಿ ಹಳೇ ಮ್ಯೂಲ್ ಮೇಲೆ ಉಣ್ಣೆ ನೂಲು ತೆಗೆದು ಮಾರ್ತಾರೆ. ಸೈಲೆಂಟ್ ಮಾನಿಟರ್‌ನ ಮಾದರಿ ಅಂಗಡಿಯಲ್ಲಿ ಸಿಕ್ಕರೆ ನಿಮ್ಮ ಎಚ್‌ಆರ್‌ಗೆ ಮಾತ್ರ ತಗೊಂಡು ಹೋಗಬೇಡಿ.

ಸುಮ್ನೆ_ಓದ್ತೀನಿ

ನನಗೊಂದು ಬಿಳಿ ಬಣ್ಣದ್ದು ತನ್ನಿ, ಮ್ಯಾನೇಜರ್ ಟೇಬಲ್ ಮೇಲೆ ಇಡ್ತೀನಿ.